ಎಕ್ಸ್‌ಪಿಯ ಫ್ಯಾಕ್ಸ್ ಕನ್ಸೋಲ್: ತಾಮ್ರದ ತಂತಿಯಿದ್ದರೆ ಸಾಕು, ಫೈಬರ್ ಆದರೆ ಸಾಲದು

ಪಿ-ಫೋರ್ (ಪೆಂಟಿಯಂ ಫೋರ್) ಕಾಲದ ಕಂಪ್ಯೂಟರ್, ಅದರಲ್ಲಿ ವಿಂಡೋಸ್ ಎಕ್ಸ್‌ಪಿ, ಕಂಪ್ಯೂಟರಿನ ಮಾತನ್ನು ಫೋನ್ ತಂತಿಯ ಸದ್ದಾಗಿಸುವ ಒಂದು ಮೋಡೆಮ್, ಗೋಡೆಯಲ್ಲಿ ಡಯಲ್ ಟೋನ್ ಬರುವ ಲ್ಯಾಂಡ್‌ಲೈನ್. ಇಷ್ಟಿದ್ದರೆ ಫ್ಯಾಕ್ಸ್ ಕಳಿಸಲು ಬೇರೆ ಏನನ್ನೂ ಕೊಳ್ಳಬೇಕಿಲ್ಲ. ಬೇಕಾದ ತಂತ್ರಾಂಶ ಎಕ್ಸ್‌ಪಿ ಸಿಡಿಯಲ್ಲೇ ಇದೆ, ಹೋಮ್ ಆಗಲಿ ಪ್ರೊಫೆಷನಲ್ ಆಗಲಿ. ಫ್ಯಾಕ್ಸ್ ಕನ್ಸೋಲ್ ಎಂದು ಅದರ ಹೆಸರು. ಮೊದಲೇ ತೀರ್ಪು ಹೇಳಿಬಿಡುವುದಾದರೆ: ಕಳಿಸುವ ಕೆಲಸಕ್ಕೆ ಒಳ್ಳೆಯದು, ಬಂದ ಫ್ಯಾಕ್ಸ್ ಹಿಡಿಯುವುದಕ್ಕೆ ಅಷ್ಟಕ್ಕಷ್ಟೆ, ಲೈನ್ ಕೆಟ್ಟಿದ್ದರೆ ಕೈಯಲ್ಲಿ ತಿರುಗಿಸಲು ಒಂದು ಗುಂಡಿಯನ್ನೂ ಕೊಡದ ಮೊಂಡ.

ಈಗ ಫ್ಯಾಕ್ಸ್ ಯಾರಿಗೆ ಬೇಕು ಎಂಬ ಪ್ರಶ್ನೆ ಸಹಜ. ನಮ್ಮ ಊರಿನ ಎಸ್‌ಟಿಡಿ-ಐಎಸ್‌ಡಿ-ಫ್ಯಾಕ್ಸ್ ಬೂತುಗಳು ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ ಬೆಂಗಳೂರಿನಲ್ಲಿ ಕುಳಿತು ಅಮೆರಿಕದಲ್ಲಿ ಕಂಪನಿ ತೆರೆದವರು ಅಲ್ಲಿನ ತೆರಿಗೆ ಇಲಾಖೆಯಿಂದ ಉದ್ಯೋಗದಾತರ ಗುರುತಿನ ಸಂಖ್ಯೆ ಪಡೆಯಲು ಎಸ್‌ಎಸ್-4 ಎಂಬ ನಮೂನೆ ತುಂಬಬೇಕು. ಅಮೆರಿಕದ ಹೊರಗಿನವರಿಗೆ ಆನ್‌ಲೈನ್ ದಾರಿ ಇಲ್ಲ; ಫೋನು, ಅಂಚೆ, ಇಲ್ಲವೇ ಫ್ಯಾಕ್ಸ್. ಅಲ್ಲಿನ ಆಸ್ಪತ್ರೆ, ವಿಮೆ ಕಚೇರಿಗಳೂ ಫ್ಯಾಕ್ಸ್ ಬಿಟ್ಟಿಲ್ಲ. ವರ್ಷಕ್ಕೆ ಐದಾರು ಹಾಳೆ ಕಳಿಸುವವರಿಗೆ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಪೆಟ್ಟಿಗೆಯೇ ಸಾಕಾಗುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ, ಹಾಗಾಗಿ ಆ ಯಂತ್ರವನ್ನು ಇಂಟರ್ನೆಟ್‌ಗೆ ತಗುಲಿಸಬೇಡಿ. ಫ್ಯಾಕ್ಸ್‌ಗೆ ಇಂಟರ್ನೆಟ್ ಬೇಕಾಗಿಯೂ ಇಲ್ಲ.

ಎಕ್ಸ್‌ಪಿ ಹಾಕಿದ ಕೂಡಲೇ ಫ್ಯಾಕ್ಸ್ ಕಾಣುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆಡ್ ಆರ್ ರಿಮೂವ್ ಪ್ರೋಗ್ರಾಮ್ಸ್ ತೆರೆದು, ಎಡಗಡೆಯ ವಿಂಡೋಸ್ ಕಾಂಪೊನೆಂಟ್ಸ್ ಒತ್ತಿ, ಫ್ಯಾಕ್ಸ್ ಸರ್ವಿಸಸ್ ಮುಂದೆ ಟಿಕ್ ಹಾಕಬೇಕು. ಸಿಡಿ ಕೇಳುತ್ತದೆ. ಸಿಡಿ ಇಲ್ಲದಿದ್ದರೆ ಹಾರ್ಡ್ ಡಿಸ್ಕಿನಲ್ಲಿ ಐ386 ಎಂಬ ಫೋಲ್ಡರ್ ಇದೆಯೇ ನೋಡಿ. ಬ್ರ್ಯಾಂಡೆಡ್ ಕಂಪ್ಯೂಟರುಗಳಲ್ಲಿ ಅನೇಕ ಸಲ ಇರುತ್ತದೆ, ಅದರ ದಾರಿ ತೋರಿಸಿದರೆ ಸಾಕು. ಮುಗಿದ ಮೇಲೆ ಪ್ರಿಂಟರ್ಸ್ ಅಂಡ್ ಫ್ಯಾಕ್ಸಸ್ ಫೋಲ್ಡರಿನಲ್ಲಿ ‘ಫ್ಯಾಕ್ಸ್’ ಎಂಬ ಹೊಸ ಪ್ರಿಂಟರ್ ಬಂದು ಕೂರುತ್ತದೆ. ಕನ್ಸೋಲನ್ನು ಮೊದಲ ಸಲ ತೆರೆದಾಗ ನಿಮ್ಮ ಹೆಸರು-ವಿಳಾಸ, ಯಾವ ಮೋಡೆಮ್, ಟಿಎಸ್‌ಐಡಿ, ಸಿಎಸ್‌ಐಡಿ ಎಲ್ಲ ಕೇಳುತ್ತದೆ. ಈ ಎರಡು ಐಡಿ ಎಂದರೆ ಆಚೆ ಕಡೆಯವರ ಹಾಳೆಯ ನೆತ್ತಿಯ ಮೇಲೆ ಮತ್ತು ಅವರ ಯಂತ್ರದ ಪಟ್ಟಿಯಲ್ಲಿ ಕಾಣುವ ನಿಮ್ಮ ಗುರುತು. 20 ಅಕ್ಷರ ಮಾತ್ರ, ಕನ್ನಡ ಹಿಡಿಯುವುದಿಲ್ಲ. ದೇಶದ ಸಂಕೇತ ಸೇರಿಸಿ ಫೋನ್ ನಂಬರ್ ಹಾಕುವುದೇ ಮೇಲು.

ತಂತ್ರಾಂಶಕ್ಕಿಂತ ಮೋಡೆಮ್ ಮುಖ್ಯ, ಇಲ್ಲೇ ಮುಕ್ಕಾಲು ಪಾಲು ಜನ ಎಡವುವುದು. ಮೊದಲು ಎಕ್ಸ್‌ಪಿಯಲ್ಲೇ ಇರುವ, ಮೋಡೆಮ್‌ಗೆ ನೇರ ಆದೇಶ ಕೊಡುವ ಹೈಪರ್‌ಟರ್ಮಿನಲ್ ತೆರೆದು ಮೋಡೆಮ್‌ನ ಕಾಂ ಪೋರ್ಟ್ ಆರಿಸಿ ಎ, ಟಿ ಒತ್ತಿ ಎಂಟರ್ ಕೊಡಿ. ಓಕೆ ಎಂದು ಉತ್ತರ ಬರಬೇಕು. ಆಮೇಲೆ ಎಟಿ, ಪ್ಲಸ್ ಚಿಹ್ನೆ, ಎಫ್‌ಕ್ಲಾಸ್, ಸಮ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆ, ಇಷ್ಟನ್ನೂ ಖಾಲಿ ಜಾಗ ಬಿಡದೆ ಇಂಗ್ಲಿಷಿನಲ್ಲಿ ಟೈಪಿಸಿ. 0,1 ಎಂದೋ 0,1,2 ಎಂದೋ ಬರುತ್ತದೆ. 0 ಎಂದರೆ ಡೇಟಾ. ಬರೀ 0 ಬಂದರೆ ಆ ಮೋಡೆಮ್‌ಗೆ ಫ್ಯಾಕ್ಸ್ ಬರುವುದಿಲ್ಲ, ಅಲ್ಲಿಗೆ ಕೈಬಿಡಿ. 1 ಎಂದರೆ ಕ್ಲಾಸ್ 1: ಫ್ಯಾಕ್ಸ್ ಮಾತುಕತೆಯನ್ನೆಲ್ಲ ಕಂಪ್ಯೂಟರೇ ನಡೆಸಬೇಕು, ಮೋಡೆಮ್ ಬರೀ ಸದ್ದು ಹೊರಡಿಸುತ್ತದೆ. 2 ಅಥವಾ 2.0 ಎಂದರೆ ಆ ಮಾತುಕತೆಯ ಬಹುಪಾಲು ಮೋಡೆಮ್ ಒಳಗೇ ನಡೆಯುತ್ತದೆ.

ಇದು ಪುಸ್ತಕದ ಮಾತಲ್ಲ. ಫ್ಯಾಕ್ಸ್ ನಿಯಮ ಟಿ.30ರ ಪ್ರಕಾರ ‘ಇಷ್ಟು ವೇಗದಲ್ಲಿ ಕಳಿಸುತ್ತೇನೆ’ ಎಂಬ ಸಂದೇಶಕ್ಕೂ ಅದರ ಹಿಂದೆಯೇ ಬರುವ ಪರೀಕ್ಷೆಯ ಸದ್ದಿಗೂ ನಡುವೆ 75 ಮಿಲಿಸೆಕೆಂಡು ಮೌನ ಇರಬೇಕು, ಹೆಚ್ಚುಕಡಿಮೆ 20 ಮಾತ್ರ ಆಚೀಚೆ. ಕ್ಲಾಸ್ 1ರಲ್ಲಿ ಆ ಲೆಕ್ಕ ಕಂಪ್ಯೂಟರಿನದು. ಅದೇ ಹೊತ್ತಿಗೆ ಆಂಟಿವೈರಸ್ ಡಿಸ್ಕ್ ಕೆದಕಲು ಕುಳಿತರೆ ಲೆಕ್ಕ ತಪ್ಪುತ್ತದೆ, ಆಚೆಯ ಯಂತ್ರ ಕರೆ ಕಡಿದು ಹಾಕುತ್ತದೆ, ನಿಮಗೆ ಕಾಣುವುದು ‘ಫೇಟಲ್ ಎರರ್’ ಅಷ್ಟೆ. ಮೊಟೊರೋಲಾ ಎಸ್‌ಎಂ56, ಲುಸೆಂಟ್‌ನಂಥ ಒಳಗಿನ ಅಗ್ಗದ ಕಾರ್ಡುಗಳಲ್ಲಿ ಈ ಕಾಟ ಇಮ್ಮಡಿ. ಅವು ವಿನ್‌ಮೋಡೆಮ್, ಅಂದರೆ ಮೋಡೆಮ್ ಮಾಡಬೇಕಾದ ದುಡಿಮೆಯ ಭಾಗವೂ ಪ್ರೊಸೆಸರಿನ ತಲೆಗೇ. ಪಿ-ಫೋರ್ ಅದನ್ನು ಹೊರುತ್ತದೆ. ಪೆಂಟಿಯಂ ಟೂ ಏದುಸಿರು ಬಿಡುತ್ತದೆ.

ಆಯ್ಕೆ ಇದ್ದರೆ ಹೊರಗಿಡುವ ಸೀರಿಯಲ್ ಮೋಡೆಮ್ ತೆಗೆದುಕೊಳ್ಳಿ. ಬೆಂಗಳೂರಿನ ಎಸ್‌ಪಿ ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಕೆದಕಿದರೆ ಸಿಕ್ಕರೂ ಸಿಗಬಹುದು, ಆದರೆ ಅಡಾಪ್ಟರ್ ಸಮೇತ ಇದೆಯೇ ನೋಡಿಕೊಳ್ಳಿ. ಕೆಲವು ಮೋಡೆಮ್‌ಗಳಿಗೆ ಎಸಿ ಅಡಾಪ್ಟರೇ ಬೇಕು, ಮಾಮೂಲಿ ಡಿಸಿ ಅಡಾಪ್ಟರ್ ಹಾಕಿದರೆ ನಡೆಯುವುದಿಲ್ಲ. ಯುಎಸ್‌ಬಿ ಬೇಕೆಂದರೆ ಯುಎಸ್ ರೋಬೋಟಿಕ್ಸ್ 5637 ನಂಬಬಹುದಾದದ್ದು, ಅದು ನಿಜವಾದ ಹಾರ್ಡ್‌ವೇರ್ ಮೋಡೆಮ್. ಸೀರಿಯಲ್ ಮೋಡೆಮ್‌ಗೆ ಯುಎಸ್‌ಬಿ ಪರಿವರ್ತಕ ಸಿಕ್ಕಿಸಿ ಕ್ಲಾಸ್ 1 ನಡೆಸುವುದು ಮಾತ್ರ ತಲೆನೋವು. ಎಫ್‌ಟಿಡಿಐ ಚಿಪ್ಪಿನ ಪರಿವರ್ತಕವಾದರೆ ಅದರ ಲೇಟೆನ್ಸಿ ಟೈಮರ್ (ಬಂದ ಡೇಟಾವನ್ನು ತಡೆದಿಟ್ಟುಕೊಳ್ಳುವ ಹೊತ್ತು) 16 ಮಿಲಿಸೆಕೆಂಡಿಗೆ ಇಟ್ಟು ಬಂದಿರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ 1ಕ್ಕೆ ಇಳಿಸಿ. ಮದರ್‌ಬೋರ್ಡಿನ ಸ್ವಂತ ಸೀರಿಯಲ್ ಪೋರ್ಟ್ ಆದರೆ ಅದೇ ಪುಟದಲ್ಲಿ ಫೈಫೊ ಬಫರ್ ಟಿಕ್ ಇರಲಿ. ಆ ಪೋರ್ಟಿನ 16550 ಚಿಪ್ಪು 16 ಬೈಟ್ ಹಿಡಿದಿಟ್ಟುಕೊಳ್ಳುತ್ತದೆ. 486 ಕಾಲದ ಕೆಲವು ಬೋರ್ಡುಗಳಲ್ಲಿರುವ 16450 ಒಂದೇ ಬೈಟ್ ಹಿಡಿಯುವುದು. ಹಾಳೆಯ ಮಧ್ಯೆ ಸಾಲುಗಳು ಹಾರಿಹೋಗುವುದಕ್ಕೆ ಇದೂ ಒಂದು ಕಾರಣ.

ಮೋಡೆಮ್ ಹಿಂದೆ ಎರಡು ತೂತು: ಲೈನ್, ಫೋನ್. ಗೋಡೆಯ ತಂತಿ ಲೈನ್‌ಗೆ. ಹೇಳಬೇಕಾದ ಮಾತೇ ಅಲ್ಲ, ಆದರೂ ‘ನೋ ಡಯಲ್ ಟೋನ್’ ಎಂದು ದೂರುವವರಲ್ಲಿ ಅರ್ಧ ಜನ ಅದನ್ನು ಫೋನ್‌ಗೆ ಸಿಕ್ಕಿಸಿರುತ್ತಾರೆ. ಇನ್ನರ್ಧ ಜನರದು ಬೇರೆ ಕಥೆ: ಮೋಡೆಮ್ ಕಾಯುವುದು ಅಮೆರಿಕದ ಡಯಲ್ ಟೋನ್‌ಗೆ, ನಮ್ಮ ಎಕ್ಸ್‌ಚೇಂಜಿನ ಟೋನ್ ಬೇರೆ, ಕಚೇರಿಯ ಇಂಟರ್‌ಕಾಂ ಪೆಟ್ಟಿಗೆಯದಂತೂ ಇನ್ನೂ ಬೇರೆ. ಫೋನ್ ಅಂಡ್ ಮೋಡೆಮ್ ಆಪ್ಷನ್ಸ್‌ನಲ್ಲಿ ಮೋಡೆಮ್‌ನ ಪ್ರಾಪರ್ಟೀಸ್ ತೆರೆದು ಡಯಲ್ ಟೋನ್‌ಗೆ ಕಾಯುವ ಟಿಕ್ ತೆಗೆಯಿರಿ, ಅಡ್ವಾನ್ಸ್ಡ್ ಪುಟದ ಹೆಚ್ಚುವರಿ ಆದೇಶದ ಜಾಗದಲ್ಲಿ ಎಕ್ಸ್3 ಎಂದು ಇಂಗ್ಲಿಷಿನಲ್ಲಿ ಹಾಕಿ, ಡಯಲ್ ಟೋನ್‌ಗೆ ಕಾಯಬೇಡ ಎಂಬ ಆದೇಶ ಅದು. ಬ್ರಾಡ್‌ಬ್ಯಾಂಡೂ ಅದೇ ತಂತಿಯಲ್ಲಿ ಬರುತ್ತಿದ್ದರೆ ಮೋಡೆಮ್ ಸ್ಪ್ಲಿಟರಿನ ಫೋನ್ ಕಡೆಗೆ ಬರಬೇಕು. ಪ್ಯಾರಲಲ್ ಫೋನ್ ಯಾರಾದರೂ ಎತ್ತಿದರೆ ಫ್ಯಾಕ್ಸ್ ಸತ್ತಂತೆ. ಕಾಲ್ ವೇಟಿಂಗಿನ ಒಂದು ಕುಯ್ ಶಬ್ದಕ್ಕೂ ಅದೇ ಗತಿ, ಆ ಸೌಲಭ್ಯವನ್ನು ತೆಗೆಸಿಬಿಡಿ.

ಇನ್ನು ಕಳಿಸುವುದು. ಕನ್ಸೋಲ್ ತೆರೆದು ‘ಸೆಂಡ್ ಎ ಫ್ಯಾಕ್ಸ್’ ಒತ್ತಿ, ಫೈಲ್ ಲಗತ್ತಿಸುವ ಗುಂಡಿ ಎಲ್ಲಿದೆ ಎಂದು ಹುಡುಕುವವರು ಬಹಳ. ಅಲ್ಲಿ ಇಲ್ಲ. ಆ ದಾರಿಯಲ್ಲಿ ಹೋಗುವುದು ಕವರ್ ಪೇಜ್ ಮಾತ್ರ. ಕಾಗದಪತ್ರ ಹೋಗಬೇಕಾದರೆ ವರ್ಡ್‌ನಲ್ಲೋ ಬೇರೆಲ್ಲೋ ಅದನ್ನು ತೆರೆದು ಪ್ರಿಂಟ್ ಕೊಟ್ಟು, ಪ್ರಿಂಟರ್ ಆಗಿ ‘ಫ್ಯಾಕ್ಸ್’ ಆರಿಸಬೇಕು. ಆಗ ವಿಝಾರ್ಡ್ ಬರುತ್ತದೆ: ಯಾರಿಗೆ, ಯಾವ ನಂಬರ್, ಕವರ್ ಪೇಜ್ ಬೇಕೇ, ಈಗಲೇ ಹೋಗಬೇಕೇ, 24 ಗಂಟೆಯೊಳಗೆ ಇಂಥ ಹೊತ್ತಿಗೆ ಹೋಗಬೇಕೇ, ರಿಯಾಯಿತಿ ದರದ ಹೊತ್ತಿಗೆ ಹೋಗಬೇಕೇ. ಎಸ್‌ಟಿಡಿ ಕಾಲುದರಕ್ಕೆಂದು ರಾತ್ರಿ ಕಾಯುತ್ತಿದ್ದ ಕಾಲದವರಿಗೆ ಈ ಕೊನೆಯ ಸೌಲಭ್ಯದ ಬೆಲೆ ಗೊತ್ತು. ‘ಯೂಸ್ ಡಯಲಿಂಗ್ ರೂಲ್ಸ್’ ಎಂಬ ಟಿಕ್ ತೆಗೆದು, ಕೈಯಲ್ಲಿ ಒತ್ತುವ ಹಾಗೇ ಪೂರ್ತಿ ನಂಬರ್ ಬರೆಯಿರಿ. ಟಿಕ್ ಬಿಟ್ಟರೆ ಎಕ್ಸ್‌ಪಿ ತಾನೇ ಸೊನ್ನೆ ಸೇರಿಸುತ್ತದೆ, ನೀವು 080 ಎಂದು ಬರೆದಿದ್ದರೆ ಅದಕ್ಕೆ ಇನ್ನೊಂದು ಸೊನ್ನೆ ಅಂಟಿ ಕರೆ ಎಲ್ಲಿಗೂ ಹೋಗುವುದಿಲ್ಲ. ಇಂಟರ್‌ಕಾಂ ದಾಟಿ ಹೋಗಬೇಕಾದರೆ 0 ಅಥವಾ 9, ಅದರ ಹಿಂದೆ ಎರಡು ಅಲ್ಪವಿರಾಮ. ಒಂದೊಂದು ಅಲ್ಪವಿರಾಮಕ್ಕೂ ಮೋಡೆಮ್ ಮಾಮೂಲಾಗಿ 2 ಸೆಕೆಂಡ್ ತಡೆಯುತ್ತದೆ. ವಿಝಾರ್ಡಿನ ಕೊನೆಯ ಪುಟದಲ್ಲಿ ಪ್ರಿವ್ಯೂ ಗುಂಡಿ ಇದೆ. ಅದನ್ನು ಒತ್ತದೆ ಕಳಿಸಬೇಡಿ.

ಸಹಿ ಹಾಕಿದ ಕಾಗದವಾದರೆ ಸ್ಕ್ಯಾನ್ ಮಾಡಬೇಕು: 200 ಡಿಪಿಐ, ಕಪ್ಪು-ಬಿಳುಪು, ಟಿಫ್ ಎಂಬ ಬಗೆಯ ಚಿತ್ರದ ಫೈಲ್. ಗ್ರೇಸ್ಕೇಲ್ ಬೇಡ. ಆ ಟಿಫ್ ತೆರೆದು ಪ್ರಿಂಟ್ ಕೊಟ್ಟಾಗ ಫೋಟೋ ಪ್ರಿಂಟಿಂಗ್ ವಿಝಾರ್ಡ್ ಅಡ್ಡ ಬರುತ್ತದೆ. ಅಲ್ಲಿನ ವಿನ್ಯಾಸಗಳಲ್ಲಿ ‘ಫುಲ್ ಪೇಜ್ ಫ್ಯಾಕ್ಸ್ ಪ್ರಿಂಟ್’ ಎಂಬುದನ್ನೇ ಆರಿಸಿ. ಬೇರೆ ಯಾವುದನ್ನು ಆರಿಸಿದರೂ ಅಂಚು ಕತ್ತರಿಸಿ ಹೋಗಬಹುದು, ಎಸ್‌ಎಸ್-4ರಂಥ ಅಂಚಿನವರೆಗೂ ಚೌಕಗಳಿರುವ ನಮೂನೆಗೆ ಅದು ಅಪಾಯ.

ಕನ್ನಡದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಫ್ಯಾಕ್ಸ್‌ನಲ್ಲಿ ಹೋಗುವುದು ಅಕ್ಷರವಲ್ಲ, ಚಿತ್ರ. ನುಡಿಯಲ್ಲಿ ಬರೆದಿರಿ, ಬರಹದಲ್ಲಿ ಬರೆದಿರಿ, ಯೂನಿಕೋಡ್ ತುಂಗಾ ಅಕ್ಷರದಲ್ಲಿ ಬರೆದಿರಿ, ಆಚೆ ಕಡೆ ಫಾಂಟ್ ಇರಬೇಕೆಂಬ ಗೋಳೇ ಇಲ್ಲ. ಆ ಕಾಲದಲ್ಲಿ ಕನ್ನಡ ಇ-ಮೇಲಿಗೆ ಇಲ್ಲದಿದ್ದ ಸುಖ ಇದು. ಗೋಳು ಬೇರೆ ಕಡೆ ಇದೆ. ‘ಫ್ಯಾಕ್ಸ್’ ಪ್ರಿಂಟರಿನ ಪ್ರಿಂಟಿಂಗ್ ಪ್ರಿಫರೆನ್ಸಸ್ ತೆರೆದರೆ ಗುಣಮಟ್ಟ ಎರಡೇ: ನಾರ್ಮಲ್ ಅಂದರೆ 200×200, ಡ್ರಾಫ್ಟ್ ಅಂದರೆ 200×100. ಅಡ್ಡಕ್ಕೆ ಎರಡರಲ್ಲೂ ಒಂದೇ, ಮಿಲಿಮೀಟರಿಗೆ 8 ಚುಕ್ಕೆ. ಉದ್ದಕ್ಕೆ ಡ್ರಾಫ್ಟ್‌ನಲ್ಲಿ ಮಿಲಿಮೀಟರಿಗೆ 3.85 ಸಾಲು, ನಾರ್ಮಲ್‌ನಲ್ಲಿ 7.7. ಇಂಗ್ಲಿಷ್ ಅಕ್ಷರ ಡ್ರಾಫ್ಟ್‌ನಲ್ಲೂ ಬದುಕಿಕೊಳ್ಳುತ್ತದೆ. ಕನ್ನಡದಲ್ಲಿ ಮಹಾಪ್ರಾಣದ ಗುರುತೇ ಅಕ್ಷರದ ಬುಡದಲ್ಲಿರುವ ಆ ಪುಟ್ಟ ಸೀಳು. 12 ಪಾಯಿಂಟಿನಲ್ಲಿ ಅದರ ಎತ್ತರ ಅರ್ಧ ಮಿಲಿಮೀಟರ್ ಎಂದುಕೊಂಡರೆ ಡ್ರಾಫ್ಟ್‌ನಲ್ಲಿ ಅದರ ಪಾಲಿಗೆ ಬರುವುದು ಎರಡು ಸಾಲು. ಆಚೆಯ ಥರ್ಮಲ್ ಪೇಪರಿನಲ್ಲಿ ಆ ಎರಡು ಸಾಲು ಕಪ್ಪಿಗೆ ಕಪ್ಪು ಸೇರಿ ಮುಚ್ಚಿಹೋಗುತ್ತವೆ. ‘ಧನಸಹಾಯ’ ಹೋಗಿ ‘ದನಸಹಾಯ’ ಆಗುತ್ತದೆ. ಥಕಾರದ ಹೊಟ್ಟೆಯ ಚುಕ್ಕೆ, ಷಕಾರದ ಒಳಗೀರು, ಒತ್ತಕ್ಷರಗಳ ಬಾಲ ಎಲ್ಲಕ್ಕೂ ಇದೇ ಪಾಡು. ಆದ್ದರಿಂದ ಕನ್ನಡಕ್ಕೆ ನಾರ್ಮಲ್ ಕಡ್ಡಾಯ, ಅಕ್ಷರ 14 ಪಾಯಿಂಟಿಗೆ ಕಡಿಮೆ ಬೇಡ, ದಪ್ಪಕ್ಷರ ಬೇಡವೇ ಬೇಡ. ದಪ್ಪ ಮಾಡಿದಷ್ಟೂ ಸೀಳು ಮುಚ್ಚುವುದು ಬೇಗ. ಅದೇ ಪುಟದಲ್ಲಿ ಹಾಳೆ ಲೆಟರ್ ಎಂದಿದ್ದರೆ ಎ4 ಮಾಡಿ. ಕನ್ನಡದ ಕವರ್ ಪೇಜ್ ಬೇಕಿದ್ದರೆ ಕನ್ಸೋಲಿನ ಕವರ್ ಪೇಜ್ ಸಹವಾಸಕ್ಕೆ ಹೋಗದೆ ವರ್ಡ್‌ನಲ್ಲಿ ಮೊದಲ ಪುಟವಾಗಿಯೇ ಬರೆದುಬಿಡುವುದು ಸಲೀಸು.

ಹಾಳೆಗೆ ಎಷ್ಟು ಹೊತ್ತು? ನಾರ್ಮಲ್ ಗುಣಮಟ್ಟದ ಎ4 ಹಾಳೆ ಎಂದರೆ ಸಾಲಿಗೆ 1728 ಚುಕ್ಕೆ, ಸುಮಾರು 2,290 ಸಾಲು. 40 ಲಕ್ಷದ ಹತ್ತಿರ ಬಿಟ್. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಹಾಗೇ ಕಳಿಸಿದರೆ 7 ನಿಮಿಷ ಹಿಡಿಯುತ್ತಿತ್ತು. ಬಿಳಿ ಜಾಗವನ್ನು ‘ಇಷ್ಟು ಚುಕ್ಕೆ ಬಿಳಿ’ ಎಂದು ಚುಟುಕಾಗಿ ಹೇಳಿ ಕಳಿಸುವುದರಿಂದ ಸಾಮಾನ್ಯ ಟೈಪಿಸಿದ ಹಾಳೆ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಲೆಟರ್‌ಹೆಡ್ಡಿನ ಹಿನ್ನೆಲೆಯಲ್ಲಿ ಬೂದುಬಣ್ಣದ ಲಾಂಛನ ಇದ್ದರೆ ಕಥೆ ಬೇರೆ: ಬೂದು ಎಂದರೆ ಕಪ್ಪು-ಬಿಳಿ ಚುಕ್ಕೆಗಳ ಅಕ್ಕಿಹಿಟ್ಟು ಚೆಲ್ಲಿದಂತೆ, ಅಲ್ಲಿ ಚುಟುಕು ಮಾಡಲು ಏನೂ ಸಿಗುವುದಿಲ್ಲ, ಒಂದೇ ಹಾಳೆಗೆ ಹಲವು ನಿಮಿಷ ಹೋಗುತ್ತದೆ. ಐಎಸ್‌ಡಿ ಕರೆಯಲ್ಲಿ ಅದು ದುಡ್ಡು. ಲಾಂಛನ ತೆಗೆಯಿರಿ.

ಕೆಟ್ಟಾಗ ಏನು ಕೆಟ್ಟಿತು ಎಂದು ಕನ್ಸೋಲ್ ಬಾಯಿ ಬಿಡುವುದಿಲ್ಲ. ಕಿವಿಯೇ ಗತಿ. ಮೋಡೆಮ್‌ನ ಸ್ಪೀಕರ್ ಜೋರು ಮಾಡಿ ಕೇಳಿ. ಡಯಲ್ ಆದ ಮೇಲೆ ನಿಮ್ಮ ಕಡೆಯಿಂದ 3 ಸೆಕೆಂಡ್ ಬಿಟ್ಟು ಬಿಟ್ಟು ಅರ್ಧ ಸೆಕೆಂಡಿನ ಒಂದು ಬೀಪ್, 1100 ಹರ್ಟ್ಸ್. ಆಚೆಯವರು ಎತ್ತಿದರೆ ಅದಕ್ಕಿಂತ ಕೀಚಲಾದ ಉದ್ದನೆ ದನಿ, 2100 ಹರ್ಟ್ಸ್. ಅದು ಬರದೆ ‘ಹಲೋ ಹಲೋ’ ಕೇಳಿದರೆ ನಂಬರೇ ತಪ್ಪು. ಆಮೇಲೆ ಎರಡೂ ಕಡೆ ಗುಳುಗುಳು ಎನ್ನುವ ನಿಧಾನದ ಸದ್ದು, ಅದು 300 ಬಿಟ್ ವೇಗದ ಕುಶಲೋಪರಿ. ಅದರ ಹಿಂದೆ ಒಂದೂವರೆ ಸೆಕೆಂಡ್ ಸುಯ್ ಎಂಬ ಪರೀಕ್ಷೆಯ ಸದ್ದು. ಪಾಸಾದರೆ ಉದ್ದನೆಯ ಸುಯ್, ಹಾಳೆ ಹೋಗುತ್ತಿದೆ. ಪಾಸಾಗದಿದ್ದರೆ ಗುಳುಗುಳು-ಸುಯ್, ಗುಳುಗುಳು-ಸುಯ್ ಎಂದು ಮತ್ತೆ ಮತ್ತೆ. ಪ್ರತಿ ಸಲವೂ ವೇಗ ಒಂದು ಮೆಟ್ಟಿಲು ಇಳಿಯುತ್ತಿದೆ, 14400, 12000, 9600, 7200, 4800, 2400. ಮೂರು ನಾಲ್ಕು ಸಲ ಹಾಗಾದರೆ ಲೈನ್‌ನಲ್ಲಿ ಗೊರಗೊರ ಇದೆ, ತಂತ್ರಾಂಶ ಬಯ್ದು ಪ್ರಯೋಜನವಿಲ್ಲ, ಲೈನ್‌ಮನ್‌ಗೆ ಹೇಳಿ. ಗುಳುಗುಳು ಮುಗಿದು ಸುಯ್ ಬರುವ ಮೊದಲೇ ಕಡಿದರೆ ಮೇಲೆ ಹೇಳಿದ 75 ಮಿಲಿಸೆಕೆಂಡಿನ ಎಡವಟ್ಟು ಇರಬಹುದು. ಸದ್ದೇ ಇಲ್ಲದೆ ‘ಲೈನ್ ಅನ್‌ಅವೈಲಬಲ್’ ಬಂದರೆ ಬೇರಾವುದೋ ತಂತ್ರಾಂಶ ಕಾಂ ಪೋರ್ಟ್ ಹಿಡಿದುಕೊಂಡಿದೆ. ಹೈಪರ್‌ಟರ್ಮಿನಲ್ ಮುಚ್ಚಿದ್ದೀರಾ ನೋಡಿ.

ದೊಡ್ಡ ದೂರು ಇರುವುದು ಇಲ್ಲಿ. ಈಗ ಲ್ಯಾಂಡ್‌ಲೈನ್ ಎಂದರೆ ಬಹಳ ಕಡೆ ಫೈಬರ್. ಗೋಡೆಯ ಪೆಟ್ಟಿಗೆಯಿಂದ ಬರುವ ಫೋನ್ ತಂತಿಯ ಹಿಂದೆ ಇರುವುದು ಇಂಟರ್ನೆಟ್ ಪ್ಯಾಕೆಟ್ಟು. ಮಾತಿನಲ್ಲಿ ಒಂದು ಪ್ಯಾಕೆಟ್ ಕಳೆದರೆ ಕಿವಿಗೆ ಗೊತ್ತೂ ಆಗುವುದಿಲ್ಲ, ಫ್ಯಾಕ್ಸ್‌ನಲ್ಲಿ ಕಳೆದರೆ ಸಾಲು ಹೋಯಿತು, ಕೆಲವೊಮ್ಮೆ ಕರೆಯೇ ಹೋಯಿತು. ಜಾಲದಲ್ಲಿ ಫ್ಯಾಕ್ಸ್‌ಗೆಂದೇ ಇರುವ ಟಿ.38 ವಿಧಾನ ಇದ್ದರೆ ಚಿಂತೆಯಿಲ್ಲ, ಮಾತನ್ನು ಹೆಚ್ಚು ಹಿಂಡದೆ ಕಳಿಸುವ ಜಿ.711 ಆದರೆ ಹೇಗೋ ನಡೆಯುತ್ತದೆ, ಜಿ.729ರಂತೆ ಮಾತನ್ನು ಹಿಂಡಿ ಕಳಿಸುವ ವ್ಯವಸ್ಥೆಯಾದರೆ ಫ್ಯಾಕ್ಸ್ ಆಸೆ ಬಿಡಿ. ಜಿ.711ರಲ್ಲಿ ಮದ್ದು ಒಂದೇ, ವೇಗವನ್ನು ಮೊದಲಿನಿಂದಲೇ 9600ಕ್ಕೆ ಕಟ್ಟಿಹಾಕುವುದು. ಆ ಗುಂಡಿ ಫ್ಯಾಕ್ಸ್ ಕನ್ಸೋಲಿನ ಯಾವ ಪುಟದಲ್ಲೂ ಇಲ್ಲ. ಅಗ್ಗದ ಫ್ಯಾಕ್ಸ್ ಯಂತ್ರಗಳ ಮೆನುವಿನಲ್ಲೂ ಇರುವ ಸೌಲಭ್ಯ ಇದು. ಅಡ್ಡದಾರಿ ಒಂದಿದೆ: 1990ರ ದಶಕದ ಆರಂಭದ, ಡೇಟಾ 2400, ಫ್ಯಾಕ್ಸ್ 9600 ಮಾತ್ರ ಬಲ್ಲ ಮೋಡೆಮ್ ಸಿಕ್ಕರೆ ಅದನ್ನೇ ಹಾಕುವುದು. ಅದಕ್ಕೆ 14400 ಗೊತ್ತೇ ಇಲ್ಲ, ತಪ್ಪು ಮಾಡುವ ಸಾಧ್ಯತೆಯೂ ಇಲ್ಲ.

ವೇಗದ ಮಿತಿ ಹಾಕಲು ಬಿಡುವ ಹಳೆಯ ತಂತ್ರಾಂಶ ವಿನ್‌ಫ್ಯಾಕ್ಸ್ ಪ್ರೊ. ಕೆನಡಾದ ಡೆಲ್ರಿನಾ ಕಂಪನಿಯ ಕೂಸು, 1995ರಲ್ಲಿ ಸಿಮ್ಯಾಂಟೆಕ್ ಕೈ ಸೇರಿತು, 10ನೇ ಆವೃತ್ತಿಗೆ ನಿಂತು 2006ರಲ್ಲಿ ಮಾರಾಟದಿಂದಲೇ ಹೊರಟುಹೋಯಿತು. ವಿಳಾಸಪಟ್ಟಿಯ ಗುಂಪುಗಳು, ಒಂದೇ ಕಾಗದ ಐವತ್ತು ಜನಕ್ಕೆ, ಬಂದ ಹಾಳೆಯ ಮೇಲೆ ಗೀಚಿ ವಾಪಸ್ ಕಳಿಸುವುದು, ಎಲ್ಲ ಇದೆ. ವಿಂಡೋಸ್ 98 ಯಂತ್ರವಾದರೆ ಇದೇ ಸರಿ. 98ರ ಸಿಡಿಯಲ್ಲೂ ಮೈಕ್ರೋಸಾಫ್ಟ್ ಫ್ಯಾಕ್ಸ್ ಉಂಟು, ಆದರೆ ಟೂಲ್ಸ್ ಫೋಲ್ಡರಿನೊಳಗೆ ಓಲ್ಡ್‌ವಿನ್95 ಎಂಬ ಹೆಸರಿನಡಿ ಹೂತಿಟ್ಟಿದ್ದಾರೆ, ಜೊತೆಗೆ ವಿಂಡೋಸ್ ಮೆಸೇಜಿಂಗ್ ಕೂಡ ಹಾಕಬೇಕು, ಅಷ್ಟು ಪಡಿಪಾಟಲು ಬೇಡ. ಎಕ್ಸ್‌ಪಿಯಲ್ಲಿ ವಿನ್‌ಫ್ಯಾಕ್ಸ್ ಹಾಕುವುದಾದರೆ ಕನ್ಸೋಲ್ ತೆಗೆದುಬಿಡಿ. ಒಂದೇ ಮೋಡೆಮ್‌ಗೆ ಇಬ್ಬರು ಯಜಮಾನರು ಆಗುವುದಿಲ್ಲ.

ಬರುವ ಫ್ಯಾಕ್ಸ್ ವಿಷಯ. ಎಸ್‌ಎಸ್-4 ಕಳಿಸುವಾಗ ವಾಪಸ್ ಫ್ಯಾಕ್ಸ್ ನಂಬರ್ ಕೊಟ್ಟರೆ ನಾಲ್ಕು ಕೆಲಸದ ದಿನಗಳ ಸುಮಾರಿಗೆ ಉತ್ತರ ಅದಕ್ಕೇ ಬರುತ್ತದೆ. ಅವರ ಬೆಳಿಗ್ಗೆ 10 ಎಂದರೆ ನಮ್ಮ ರಾತ್ರಿ ಏಳೂವರೆ ಅಥವಾ ಎಂಟೂವರೆ, ಕಾಲಮಾನದ ಮೇಲೆ. ಅಂದರೆ ರಾತ್ರಿಯಿಡೀ ಕಂಪ್ಯೂಟರ್ ಎದ್ದಿರಬೇಕು: ಪವರ್ ಆಪ್ಷನ್ಸ್‌ನಲ್ಲಿ ಸ್ಟ್ಯಾಂಡ್‌ಬೈ ಬೇಡ, ಯುಪಿಎಸ್ ಬೇಕು, ಫ್ಯಾಕ್ಸ್ ಪ್ರಿಂಟರಿನ ಪ್ರಾಪರ್ಟೀಸ್‌ನಲ್ಲಿ ಮೋಡೆಮ್ ಆರಿಸಿ ರಿಸೀವ್ ಪುಟದಲ್ಲಿ ಎರಡು ರಿಂಗ್‌ಗೆ ತಾನೇ ಎತ್ತುವಂತೆ ಇಡಬೇಕು. ಹಾಗೆ ಇಟ್ಟ ದಿನ ಮನೆಗೆ ಫೋನ್ ಮಾಡಿದ ನೆಂಟರಿಗೆಲ್ಲ ಕೀಚಲು ದನಿಯೇ ಉತ್ತರ. ಬಂದದ್ದು ಟಿಫ್ ಆಗಿ ಇನ್‌ಬಾಕ್ಸ್‌ಗೆ ಬೀಳುತ್ತದೆ.

ಕಳಿಸಿದ್ದಕ್ಕೆ ಪುರಾವೆ ಬೇಕಾದರೆ ಕನ್ಸೋಲಿನ ಸೆಂಟ್ ಐಟಮ್ಸ್ ನೋಡಿ. ಹೊರಟ ಹೊತ್ತು, ಮುಗಿದ ಹೊತ್ತು, ಎಷ್ಟು ಪುಟ, ಆಚೆಯ ಯಂತ್ರ ಹೇಳಿಕೊಂಡ ಸಿಎಸ್‌ಐಡಿ ಅಲ್ಲಿರುತ್ತವೆ. ಆ ಕಾಲಂಗಳು ಕಾಣದಿದ್ದರೆ ವ್ಯೂ ಮೆನುವಿನಿಂದ ಸೇರಿಸಿಕೊಳ್ಳಿ, ಪರದೆಯ ಚಿತ್ರ ತೆಗೆದು ಟಿಫ್ ಜೊತೆ ಇಟ್ಟುಕೊಳ್ಳಿ. ಮಲೆನಾಡು, ಕರಾವಳಿಯವರಾದರೆ ಕೆಲಸ ಮುಗಿದ ಕೂಡಲೇ ಗೋಡೆಯ ಫೋನ್ ತಂತಿ ಕೀಳಿ. ಮುಂಗಾರು ಶುರುವಿನ ಒಂದು ಸಿಡಿಲಿಗೆ ಹೊರಗಿನ ಮೋಡೆಮ್ ಆದರೆ ಮೋಡೆಮ್ ಹೋಗಿ ನಿಂತೀತು, ಒಳಗಿನ ಕಾರ್ಡ್ ಆದರೆ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.